ಒಬ್ಬಳೇ ಮಡಚುವ ಜೋಲಿ

ಫೆಬ್ರವರಿ 4, ಮಂಗಳವಾರ

ಇವತ್ತೂ ಬೆಡ್‌ಶೀಟ್‌ಗಳೇ. ದೊಡ್ಡ ಹೋಟೆಲಿನವು, ಗಂಜಿ ಹಾಕಿದವು. ಉದ್ದಕ್ಕನ ಜೊತೆ ಮಡಚುವ ಕೆಲಸ. ಅವಳು ಆ ತುದಿ, ನಾನು ಈ ತುದಿ. ಕೊಡವು, ಎಳೆ, ಹತ್ತಿರ ಬಾ, ತುದಿ ಕೊಡು, ಹಿಂದಕ್ಕೆ ಹೋಗು. ಸಂಜೆಯ ಹೊತ್ತಿಗೆ ಕಾಲು ತಾವಾಗಿಯೇ ಹೆಜ್ಜೆ ಹಾಕುತ್ತಿರುತ್ತವೆ.

ಲಾಂಡ್ರಿಯಲ್ಲಿ ಉದ್ದಕ್ಕ ಎಲ್ಲರಿಗಿಂತ ಎತ್ತರ. ಬಾಯಿಯೂ ಹಾಗೆಯೇ. “ಏ ಮೂಗಮ್ಮಾ, ದಿನಾ ನನ್ನ ಮುಖಾನೇ ನೋಡ್ತೀಯ, ಒಂದು ಮಾತಾದ್ರೂ ಆಡೇ. ನಾನೇನು ನಿನ್ನ ಅತ್ತೆನಾ?” ಎಂದಳು. ನಕ್ಕೆ. ಅಷ್ಟೇ ಬಂತು.

ಈ ಡೈರಿ ಬರೆಯುವುದೂ ಮನೆಯಲ್ಲಿ ನನ್ನ ಅಕ್ಕನ ಹಟ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ಏನು ಬರೆಯಲಿ ಎಂದು ಕೇಳಿದ್ದೆ. “ಬಾಯಲ್ಲಿ ಬರದ್ದು ಕೈಯಲ್ಲಾದ್ರೂ ಬರ್ಲಿ” ಎಂದಳು.

ಮನೆಗೆ ಬಂದಾಗ ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಬಾಗಿಲಲ್ಲೇ ಕೇಳಿದಳು, ಅಂಗಡಿಗೆ ಹೋಗಿದ್ದೆಯಾ? ಇಲ್ಲ ಎಂದೆ. ನಾಳೆ? ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಫೆಬ್ರವರಿ 7

ವಿಷಯ ಇಷ್ಟು. ಲಾಂಡ್ರಿಗೆ ವರ್ಷಕ್ಕೊಂದು ಸಲ ಬಾಯ್ಲರ್ ರಿಪೇರಿಯ ರಜೆ. ಆ ರಜೆಯಲ್ಲಿ ನಾನು ಮತ್ತು ಅಕ್ಕ ಬ್ಯಾಗ್ ಹೊತ್ತುಕೊಂಡು ಕಾಡಿನ ದಾರಿ ಹಿಡಿಯುತ್ತೇವೆ. ಸುತ್ತಿ ಬಳಸಿ ಬಂದು, ಕೊನೆಯ ರಾತ್ರಿ ಊರಿನ ಹಿಂದಿನ ಗುಡ್ಡದ ಮೇಲೆ. ಅದಕ್ಕೆ ಒಂಟೆಬೆನ್ನು ಎಂದು ಹೆಸರಿಟ್ಟವಳು ಅಕ್ಕ. ನೆತ್ತಿಯಲ್ಲಿ ಎರಡೇ ಮರ. ನಮ್ಮ ಕಿಟಕಿಯಿಂದ ನೋಡಿದರೆ ಬೋಳು ತಲೆಯ ಮೇಲೆ ಉಳಿದ ಎರಡು ಕೂದಲಿನ ಹಾಗೆ ಕಾಣುತ್ತವೆ.

ಆ ಎರಡು ಮರದ ನಡುವೆ ನಮ್ಮ ಜೋಲಿ. ಅಂಗಡಿಯವರು ಹ್ಯಾಮಕ್ ಅನ್ನುತ್ತಾರೆ, ನಮಗೆ ಜೋಲಿ. ಮಣ್ಣಿನ ಬಣ್ಣದ ದಪ್ಪ ಕ್ಯಾನ್ವಾಸು, ಹೆಬ್ಬೆರಳು ದಪ್ಪದ ಹಗ್ಗ. ಇಬ್ಬರೂ ಮಲಗುವಷ್ಟು ಅಗಲ. ಅವಳ ತಲೆ ಆ ಕಡೆ, ನನ್ನ ತಲೆ ಈ ಕಡೆ. ಅವಳ ಪಾದ ಯಾವಾಗಲೂ ನನ್ನ ಕೆನ್ನೆಯ ಪಕ್ಕ. ತಣ್ಣಗೆ. ಬೆಳಿಗ್ಗೆ ಮಡಚಲು ಇಬ್ಬರು ಬೇಕೇ ಬೇಕು. ಹೊರುವವಳು ಮಾತ್ರ ಯಾವಾಗಲೂ ಅಕ್ಕನೇ. ನನ್ನನ್ನು ಸಾಕಿದವಳು ತಾನು, ಆದ್ದರಿಂದ ಭಾರ ತನ್ನದು ಎಂದು ವಾದ.

ಈ ವರ್ಷ ಅವಳಿಂದ ಆಗುವುದಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಡಾಕ್ಟರು ಭಾವನನ್ನು ಹೊರಗೆ ಕರೆದು ಮಾತಾಡಿದರು. ಭಾವ ನನಗೆ ಏನೂ ಹೇಳಲಿಲ್ಲ, ದಾರಿಯುದ್ದಕ್ಕೂ ಬಸ್ಸಿನ ಇಂಜಿನ್ನಿನ ಬಗ್ಗೆ ಮಾತಾಡಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಅವರು. ಸುಳ್ಳು ಹೇಳಲು ಬರುವುದಿಲ್ಲ. ಹೇಳಿದರೆ ಎರಡೂ ಕಿವಿ ಕೆಂಪಾಗುತ್ತವೆ. ಆವತ್ತು ಸುಮ್ಮನೆ ಇಂಜಿನ್ ಎಂದರೂ ಕೆಂಪಗಿದ್ದವು.

ನೀನೊಬ್ಬಳೇ ಹೋಗು ಅನ್ನುತ್ತಾಳೆ ಅಕ್ಕ. ಹಳೆಯದು ನಿನ್ನ ಬೆನ್ನಿಗೆ ಆಗಲ್ಲ, ಹಗುರದ್ದು ತಗೋ ಅನ್ನುತ್ತಾಳೆ.

ಹಗುರದ್ದು ಎಂದರೆ ಒಬ್ಬರದು. ತಗೊಂಡರೆ, ಅಕ್ಕ ಇನ್ನು ಬರುವುದಿಲ್ಲ ಎಂದು ನಾನೇ ಹೇಳಿದ ಹಾಗೆ.

ಫೆಬ್ರವರಿ 9, ಭಾನುವಾರ

ಹೋದೆ ಅಂಗಡಿಗೆ. ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು, ಮುಂದೆ ಹೋಗಿ, ವಾಪಸ್ ಬಂದು, ಆಮೇಲೆ ಒಳಗೆ.

ಅಂಗಡಿಯವನಿಗೆ ಉದ್ದ ಗಡ್ಡ. ನಾನು ಕೇಳುವ ಮೊದಲೇ ಶುರು. “ಹ್ಯಾಮಕ್ಕಾ ಸಿಸ್ಟರ್? ಇಲ್ನೋಡಿ. ಕೈಯಲ್ಲಿ ಹಿಡೀರಿ. ಹಿಡಿದಿದೀರಾ? ಗೊತ್ತೇ ಆಗಲ್ಲ!”

ನಿಜ. ಗೊತ್ತೇ ಆಗಲಿಲ್ಲ. ರೇಷ್ಮೆಯ ಥರ ನುಣುಪು, ಬೆರಳು ಜಾರುತ್ತದೆ. ಇಡೀ ಜೋಲಿ ಒಂದು ಸಣ್ಣ ಚೀಲದಲ್ಲಿ. ಇದು ನನ್ನನ್ನು ಹೊರುತ್ತದಾ ಎಂದು ಕೇಳಬೇಕಿತ್ತು. ಅವನೇ ಹೇಳಿದ, “ನನ್ನಂಥೋನೇ ಮಲಗಿ ಎದ್ದಿದೀನಿ ಸಿಸ್ಟರ್, ಭಯ ಬೇಡ.” ಹೊಟ್ಟೆ ತಟ್ಟಿಕೊಂಡು ತೋರಿಸಿದ.

ಮಡಚುವುದು ಹೇಗೆ ಎಂದು ಕೇಳಿದೆ. ನನ್ನ ಬಾಯಿಂದ ಬಂದ ಒಂದೇ ಪ್ರಶ್ನೆ.

“ಮಡಚೋದೇ ಬೇಡ. ಚೀಲಕ್ಕೆ ತುರುಕೋದು, ಅಷ್ಟೇ. ಒಬ್ರೇ ಸಾಕು.”

ಮೇಜಿನ ಮೇಲೆ ಇಟ್ಟು ಹೊರಗೆ ಬಂದುಬಿಟ್ಟೆ. ಹಿಂದಿನಿಂದ ಕೂಗಿದ, “ಯಾಕೆ ಸಿಸ್ಟರ್, ಬೇರೆ ಬಣ್ಣ ಬೇಕಿತ್ತಾ?”

ಫೆಬ್ರವರಿ 10

ಅಕ್ಕ ಬೈದಳು. ಬೈಯುವುದಕ್ಕೂ ಉಸಿರು ಬೇಕಲ್ಲ... ಅರ್ಧದಲ್ಲಿ ನಿಲ್ಲಿಸಿ, ಕೈ ಎತ್ತಿ ತಡೆ ಎಂದು ಸನ್ನೆ ಮಾಡಿ, ಸುಧಾರಿಸಿಕೊಂಡು, ಮತ್ತೆ ಅಲ್ಲಿಂದಲೇ ಬೈದಳು.

“ಕತ್ತೆ ಥರ ಹೊತ್ಕೊಂಡು ಹೋಗಿ ಸೊಂಟ ಮುರ್ಕೊಂಡು ಬಂದ್ರೆ ಯಾರು ನೋಡ್ಕೋತಾರೆ? ಈಗಾಗ್ಲೇ ನಿಮ್ಮ ಭಾವನಿಗೆ ಒಬ್ಳು ರೋಗಿ ಇದಾಳೆ.”

“ಈ ವರ್ಷ ಬೇಡ. ಮುಂದಿನ ವರ್ಷ ಇಬ್ಬರೂ ಹೋಗೋಣ” ಎಂದೆ.

ಅಕ್ಕ ಭಾವನ ಕಡೆ ತಿರುಗಿದಳು. “ಏನ್ರೀ, ಮುಂದಿನ ವರ್ಷ ನಾನು ಗುಡ್ಡ ಹತ್ತುತೀನಾ?”

“ಓ, ಧಾರಾಳವಾಗಿ” ಎಂದರು ಭಾವ.

“ನೋಡೇ ಇಲಿಮರಿ, ಆ ಕಿವಿ ನೋಡು!” ಅಕ್ಕ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ನಾನು ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ.

ಫೆಬ್ರವರಿ 16

ಮಂಚದ ಮೇಲೆ ಮಲಗಲು ಅಕ್ಕನಿಗೆ ಆಗುತ್ತಿಲ್ಲ. ಬೆನ್ನು ನೆಲಕ್ಕೆ ಸಮನಾದರೆ ಮುಳುಗಿದ ಹಾಗಾಗುತ್ತದಂತೆ. ಹೋದ ವಾರವೆಲ್ಲ ಕುರ್ಚಿಯಲ್ಲಿ ಕೂತೇ ರಾತ್ರಿ ಕಳೆದಳು.

ಭಾವ ಇವತ್ತು ಡಿಪೋದಿಂದ ಎರಡು ದೊಡ್ಡ ಕೊಕ್ಕೆ ತಂದರು. ಕಿಟಕಿಯ ಪಕ್ಕದ ಗೋಡೆಗೆ ಒಂದು, ಎದುರಿನ ಗೋಡೆಗೆ ಒಂದು. ಜೋಲಿ ಕಟ್ಟಿ ಮೊದಲು ತಾವೇ ಮಲಗಿ ಎರಡು ಸಲ ಎಗರಿದರು. ಗೋಡೆಯ ಸುಣ್ಣ ಉದುರಿತು, ಕೊಕ್ಕೆ ಅಲುಗಲಿಲ್ಲ. ಆಮೇಲೆ ಅಕ್ಕ. ತಲೆ ಎತ್ತರಕ್ಕೆ, ಬೆನ್ನು ಅರ್ಧ ಕೂತ ಹಾಗೆ. ಒಂದು ಸಲ ಕಣ್ಣು ಮುಚ್ಚಿದಳು, ಸಂಜೆಯವರೆಗೆ ತೆರೆಯಲಿಲ್ಲ. ನಾನೂ ಭಾವನೂ ಬೆರಳ ತುದಿಯಲ್ಲಿ ಓಡಾಡಿದೆವು. ಪಾತ್ರೆ ತೊಳೆಯಲಿಲ್ಲ.

ಎದ್ದವಳೇ, “ಈಗೇನ್ಮಾಡ್ತೀಯ? ಈ ಜೋಲಿ ನಂದು. ಕೊಡಲ್ಲ” ಎಂದಳು. ಚಿಕ್ಕ ಮಕ್ಕಳ ಹಾಗೆ ಎರಡೂ ಅಂಚು ಹಿಡಿದುಕೊಂಡಿದ್ದಳು.

ಫೆಬ್ರವರಿ 20

ತಗೊಂಡೆ. ಕಿತ್ತಳೆ ಬಣ್ಣ.

ನನಗೆ ಬೂದು ಬಣ್ಣದ್ದು ಸಾಕಿತ್ತು, ಯಾರ ಕಣ್ಣಿಗೂ ಬೀಳದ್ದು. ಅಕ್ಕ ಬಿಡಲಿಲ್ಲ. “ಎರಡು ಮರದ ಮಧ್ಯೆ ಕಟ್ಟು. ಬೆಳಿಗ್ಗೆ ನಾನು ಕಿಟಕೀಲಿ ನೋಡ್ತಿರ್ತೀನಿ. ಮಣ್ಣಿನ ಬಣ್ಣ ಮಣ್ಣಲ್ಲಿ ಕಾಣುತ್ತೇನೇ?”

ಅಷ್ಟು ದೂರಕ್ಕೆ ಕಾಣುತ್ತದಾ ಎಂದೆ.

“ನನಗೆ ಉಸಿರು ಕಮ್ಮಿ ಕಣೇ. ಕಣ್ಣು ನೆಟ್ಟಗಿದೆ.”

ಮನೆಯಲ್ಲಿ ಚೀಲದಿಂದ ತೆಗೆದು ಹರಡಿದೆವು. ಮತ್ತೆ ಮಡಚೋಣ ಎಂದು ಅಕ್ಕ ಆ ತುದಿ ಹಿಡಿದಳು. ಬೇಕಾಗಿಲ್ಲ, ತುರುಕಿದರೆ ಸಾಕಂತೆ ಎಂದೆ. ಆದರೂ ಹಿಡಿದಳು. ಜೋಲಿಯಲ್ಲಿ ಕೂತೇ. ಹತ್ತಿರ ಹೋಗಿ ನನ್ನ ತುದಿ ಕೊಟ್ಟೆ. ಅವಳ ಬೆರಳು ನೀಲಿ ಇದ್ದವು.

ಮಾರ್ಚ್ 1, ಒಂಟೆಬೆನ್ನಿನ ಮೇಲೆ, ಬೆಳಗಿನ ಜಾವ

ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇನೆ, ಕೈ ಮರಗಟ್ಟಿದೆ.

ಬೆನ್ನ ಮೇಲೆ ಏನೂ ಇಲ್ಲದ ಹಾಗೆ ನಡೆದೆ. ಮಧ್ಯೆ ಮಧ್ಯೆ ನಿಂತು ಬ್ಯಾಗ್ ಮುಟ್ಟಿ ನೋಡಿಕೊಂಡೆ. ಏನೋ ಬಿಟ್ಟು ಬಂದಿದ್ದೇನೆ ಎಂದು ಮೂರೂ ದಿನ ಅನ್ನಿಸಿತು.

ನಿನ್ನೆ ಸಂಜೆ ಎರಡು ಮರಕ್ಕೇ ಕಟ್ಟಿದೆ. ಗಾಳಿ ಎಂದರೆ ಗಾಳಿ. ಹಳೆಯದಾದರೆ ತನ್ನ ಭಾರಕ್ಕೇ ನಿಲ್ಲುತ್ತಿತ್ತು. ಇದು ಮಗುಚಿ ಮಗುಚಿ ಬಿತ್ತು. ನನ್ನನ್ನು ಎರಡು ಸಲ ನೆಲಕ್ಕೆ ಕೆಡವಿತು. ಕೊನೆಗೆ ಬಿಚ್ಚಿಕೊಂಡು ಗುಡ್ಡದ ಆಚೆ ಇಳಿಜಾರಿಗೆ ಹೋದೆ. ಅಲ್ಲಿ ತಗ್ಗು, ಮರಗಳಿವೆ, ಗಾಳಿ ಇಲ್ಲ. ಬೆಳಿಗ್ಗೆ ಬೇಗ ಎದ್ದು ಈಚೆ ತಂದು ಕಟ್ಟಿದರಾಯಿತು ಎಂದುಕೊಂಡೆ.

ಈಗ ನೆತ್ತಿಗೆ ಬಂದು ನೋಡಿದೆ. ಗಾಳಿ ನಿನ್ನೆಗಿಂತ ಹೆಚ್ಚು. ನಿಲ್ಲಲೂ ಆಗುತ್ತಿಲ್ಲ. ಕಟ್ಟಲು ನೋಡಿದೆ, ಒಂದು ತುದಿ ಕಟ್ಟುವಾಗ ಇನ್ನೊಂದು ತುದಿ ಹಿಡಿಯುವವರಿಲ್ಲ. ಕೈಯಿಂದ ಕಿತ್ತುಕೊಂಡು ಹೋಗಿ ಮುಳ್ಳಿನ ಪೊದೆಗೆ ಸಿಕ್ಕಿಕೊಂಡಿತು. ಬಿಡಿಸಿ ಚೀಲಕ್ಕೆ ತುರುಕಿದೆ. ಒಬ್ಬಳೇ ಸಾಕಾಯಿತು.

ಕೆಳಗೆ ಅಕ್ಕ ಕಾಯುತ್ತಿರುತ್ತಾಳೆ.

ಮಾರ್ಚ್ 1, ಸಂಜೆ, ಮನೆ

ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. ಗಾಳಿ ಇತ್ತು ಅಕ್ಕ, ಆಗಲಿಲ್ಲ, ಮುಂದಿನ ಸಲ ಖಂಡಿತ.

ಬಾಗಿಲು ತೆಗೆದದ್ದೇ ತಡ, ಜೋಲಿಯಿಂದ ಕೂಗಿದಳು, “ಕಂಡ್ತು ಕಣೇ!”

ನಿಂತೇಬಿಟ್ಟೆ.

“ಕಿತ್ತಳೆ ಚುಕ್ಕೆ. ಇಷ್ಟೇ ಇಷ್ಟು. ಎರಡು ಮರದ ಸರಿಯಾಗಿ ಮಧ್ಯೆ. ಚೆನ್ನಾಗಿ ನಿದ್ದೆ ಬಂತಾ?”

ಬಂತು ಎಂದೆ.

ಭಾವ ಅಡುಗೆಮನೆಯಿಂದ ಹೇಳಿದರು, “ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಕದಲಿಲ್ಲ. ಔಷಧಿ ಕೂಡ ಅಲ್ಲೇ.”

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಬೂಟಿನ ಲೇಸು ಬಿಚ್ಚುತ್ತಾ ತುಂಬ ಹೊತ್ತು ಕೂತೆ.

ಮಾರ್ಚ್ 5

ಹೇಳಿಲ್ಲ. ಹೇಳಿ ಏನು ಮಾಡಲಿ? ಅವಳಿಗೆ ಗೊತ್ತಿಲ್ಲವಾ? ಕಾಣದ್ದನ್ನು ಕಂಡೆ ಎಂದವಳಿಗೆ, ಕಂಡಿಲ್ಲ ಎನ್ನುವುದು ಗೊತ್ತೇ ಇರುತ್ತದೆ. ಅಥವಾ ನಿಜವಾಗಿ ಏನೋ ಕಂಡಿತೋ... ಬಿಸಿಲು, ಯಾರದೋ ಬಟ್ಟೆ.

ಭಾನುವಾರವೂ ಲಾಂಡ್ರಿಯಲ್ಲಿ ಅರ್ಧ ದಿನ ಕೆಲಸ. ಬಾಯ್ಲರ್ ಮತ್ತೆ ಕೆಟ್ಟರೆ ಒಂದು ದಿನ ಪೂರ್ತಿ ರಜೆ ಸಿಗಬಹುದು. ನೇರವಾಗಿ ಹತ್ತಿ, ಸರಿಯಾಗಿ ಕಟ್ಟಿ, ಇಳಿದು ಬರುತ್ತೇನೆ.

ಮಾರ್ಚ್ 11

ಬಾಯ್ಲರ್ ಚೆನ್ನಾಗಿದೆ.

ಏಪ್ರಿಲ್ 19

ಅಕ್ಕ ಇಲ್ಲ. ಬರೆದಾಯಿತು.

ಏಪ್ರಿಲ್ 22

ಕೆಲಸಕ್ಕೆ ಹೋದೆ. ಉದ್ದಕ್ಕನಿಂದ ಇಡೀ ದಿನ ಒಂದು ಜೋಕು ಇಲ್ಲ. ತುದಿ ಕೊಡಲು ಹತ್ತಿರ ಹೋದಾಗಲೆಲ್ಲ ನನ್ನ ಬೆರಳನ್ನು ಒಂದು ಗಳಿಗೆ ಹಿಡಿದು ಬಿಡುತ್ತಿದ್ದಳು. ಸೂಪರ್‌ವೈಸರ್ ಬಂದು, ಯಾಕೆ ಇವತ್ತು ನಿಧಾನ ಎಂದರು. “ಬಟ್ಟೆ ಒದ್ದೆ ಇದೆ ಸಾರ್” ಎಂದಳು ಉದ್ದಕ್ಕ. ಬಟ್ಟೆ ಒಣಗಿ ಗರಿಗರಿ ಇತ್ತು.

ಏಪ್ರಿಲ್ 27, ಭಾನುವಾರ

ಭಾವ ಜೋಲಿ ಬಿಚ್ಚೋಣವಾ ಎಂದರು. ರಾತ್ರಿ ಎದ್ದು ಹೋಗುವಾಗ ಅವರಿಗೆ ತಗಲುತ್ತದಂತೆ. ತಗಲಿದರೆ ತೂಗುತ್ತದಂತೆ.

ಬಿಚ್ಚಿದೆವು. ಮಡಚಲು ನಾನು ಒಂದು ತುದಿ, ಅವರು ಒಂದು ತುದಿ. ಭಾವನಿಗೆ ಮಡಚಲು ಬರುವುದಿಲ್ಲ. ಹಿಂದಕ್ಕೆ ಹೋಗಬೇಕಾದಾಗ ಮುಂದೆ ಬರುತ್ತಾರೆ. ಎಡ ತುದಿ ಬಲಗೈಗೆ ಕೊಡುತ್ತಾರೆ. ಎಷ್ಟು ಎಳೆದರೂ ನಡುವೆ ಒಂದು ತಗ್ಗು ಉಳಿಯಿತು. ಅವಳು ಓರೆಯಾಗಿ ಮಲಗುತ್ತಿದ್ದಳಲ್ಲ, ಬಟ್ಟೆ ಹಾಗೆಯೇ ಹಿಗ್ಗಿಬಿಟ್ಟಿದೆ. ತೊಳೆದು ಇಸ್ತ್ರಿ ಮಾಡಿದರೆ ಹೋಗುತ್ತದೆ. ನನಗೆ ಅದೇ ಕೆಲಸ, ಗೊತ್ತು. ಹಾಗೇ ಇಟ್ಟೆ.

“ಗುಡ್ಡಕ್ಕೆ ಹೋಗ್ತೀಯಾ?” ಭಾವ ಕೇಳಿದರು.

ಒಂದು ದಿನ ರಜೆ ಕೇಳಿದ್ದೇನೆ ಎಂದೆ.

“ಇದನ್ನೇ ತಗೊಂಡು ಹೋಗು. ಅವಳದು. ಬೇಕಿದ್ರೆ ಅರ್ಧ ದಾರಿ ನಾನು ಹೊತ್ಕೊಡ್ತೀನಿ.”

ಎತ್ತಿ ಬೆನ್ನಿಗೆ ಹಾಕಿ ನೋಡಿದೆ. ಹೊರಬಲ್ಲೆ. ಇಷ್ಟು ವರ್ಷ ಹೊರಲಾರೆ ಎಂದುಕೊಂಡಿದ್ದೆ. ಬಾಗಿಲವರೆಗೆ ಹೋಗಿ ಬಂದೆ. ಹೊತ್ತುಕೊಂಡು ಹೋಗಿ, ಅವಳ ತಗ್ಗಿನಲ್ಲಿ ಮಲಗಿ, ಒಂದು ರಾತ್ರಿ... ಮನಸ್ಸು ಅಲ್ಲಿಗೇ ಹೋಗುತ್ತಿತ್ತು.

ಭಾವ ಆಮೇಲೆ ಹೇಳಿದರು, “ಆವತ್ತು ನಾನೂ ಅವಳ ಪಕ್ಕದಲ್ಲೇ ನಿಂತಿದ್ದೆ. ನನಗೇನೂ ಕಾಣ್ಲಿಲ್ಲ. ಅವಳಿಗೆ ಹೇಗೆ ಕಂಡ್ತೋ.”

ಆಗ ಹೇಳಿಬಿಟ್ಟೆ. ಗಾಳಿ, ಇಳಿಜಾರು, ಮುಳ್ಳಿನ ಪೊದೆ. ನನ್ನ ಜನ್ಮದಲ್ಲಿ ಒಟ್ಟಿಗೆ ಅಷ್ಟು ಮಾತಾಡಿಲ್ಲ.

ಭಾವ ಜೋಲಿಯ ಗಂಟಿನ ಮೇಲೆ ಕೂತರು. “ಕಳ್ಳಿ ಅವಳು” ಎಂದರು. ಆಮೇಲೆ ಮೂಗು ಒರೆಸಿಕೊಂಡು, “ಹಾಗಾದ್ರೆ ಇದು ಬೇಡ. ಕಿತ್ತಳೇದೇ ತಗೊಂಡು ಹೋಗು. ಸರಿಯಾಗಿ ಕಟ್ಟು. ನಾನು ನೋಡ್ತೀನಿ” ಎಂದರು.

ಹಳೆಯದು ಅವಳ ಮಂಚದ ಮೇಲಿದೆ. ಚಿಕ್ಕದನ್ನು ಬ್ಯಾಗಿಗೆ ಹಾಕಿದೆ. ಹಾಕಿದ ಮೇಲೂ ಬ್ಯಾಗ್ ಖಾಲಿ ಇದ್ದ ಹಾಗೆ.

ಮೇ 4, ಒಂಟೆಬೆನ್ನಿನ ಮೇಲೆ, ಬೆಳಿಗ್ಗೆ

ಗಾಳಿ ಇದೆ. ಆದರೂ ಬಿಡಲಿಲ್ಲ. ಒಂದು ತುದಿಯನ್ನು ಮರಕ್ಕೆ ಕಟ್ಟಿ, ಇನ್ನೊಂದನ್ನು ನನ್ನ ಸೊಂಟಕ್ಕೆ ಸುತ್ತಿಕೊಂಡು, ಎಳೆಯುತ್ತಾ ಹಿಂದಕ್ಕೆ ನಡೆದೆ. ಬೆಡ್‌ಶೀಟ್ ಎಳೆಯುವ ಹಾಗೆಯೇ. ಎರಡನೇ ಮರ ಬೆನ್ನಿಗೆ ತಗಲಿತು. ಕಟ್ಟಿದೆ. ಮಲಗಲಿಲ್ಲ, ಮಲಗಿದರೆ ಮುದುಡಿ ಹೋಗುತ್ತದೆ. ಅಂಚು ಹಿಡಿದು ಊರಿನ ಕಡೆಗೆ ಅಗಲ ಮಾಡಿದೆ. ಪಟಪಟ ಎಂದು ಬಡಿದುಕೊಂಡಿತು. ಕೈ ಸೋಲುವವರೆಗೆ ಹಿಡಿದೆ, ಆಮೇಲೂ ಸ್ವಲ್ಪ ಹಿಡಿದೆ.

ಕೆಳಗೆ ಊರು. ನಮ್ಮ ಕಿಟಕಿ ಹುಡುಕಿದೆ. ಎಲ್ಲ ಕಿಟಕಿಗಳೂ ಒಂದೇ ಥರ. ಲಾಂಡ್ರಿಯ ಹೊಗೆಕೊಳವೆಯಿಂದ ಶುರು ಮಾಡಿ ರಸ್ತೆ ಹಿಡಿದು ಬಂದೆ, ತಿರುವಿನಲ್ಲಿ ತಪ್ಪಿತು. ಮತ್ತೆ ಮೊದಲಿನಿಂದ ಬಂದೆ. ಮತ್ತೆ ಅಲ್ಲೇ ತಪ್ಪಿತು.

ಭಾವ ಅಲ್ಲೇ ಎಲ್ಲೋ ನಿಂತಿದ್ದಾರೆ. ಡಿಪೋಗೆ ತಡವಾಗಿ ಬರುತ್ತೇನೆ ಎಂದು ಹೇಳಿದ್ದಾರಂತೆ. ಇಳಿದು ಹೋದಾಗ ಬಾಗಿಲಲ್ಲೇ ಹೇಳುತ್ತಾರೆ, ಕಂಡ್ತು ಎಂದು. ಹೇಳೇ ಹೇಳುತ್ತಾರೆ. ನಾನು ಲೇಸು ಬಿಚ್ಚುತ್ತಾ ಕೂರುವುದಿಲ್ಲ ಈ ಸಲ. ತಲೆ ಎತ್ತಿ ಮೊದಲು ಅವರ ಕಿವಿ ನೋಡುತ್ತೇನೆ.