ಬಾಮೈದನ ಬೋಲ್ಟು

ಗುರುವಾರ, ಜೂನ್ ೧೨

ಸೊಂಟ ಬಿದ್ದುಹೋಗಿದೆ, ಆದರೂ ನಗು ತಡೆಯೋಕಾಗ್ತಿಲ್ಲ.

ಬೆಳಿಗ್ಗೆ ಗ್ಯಾರೇಜಿನಲ್ಲಿ ಶಾಲೆಯ ವ್ಯಾನಿನ ಚಕ್ರ ಬಿಗಿ ಮಾಡುವಾಗ ಹೊಸ ಬೋಲ್ಟಿನ ತಲೆ ಕಿತ್ತುಕೊಂಡು ಸ್ಪ್ಯಾನರಿನೊಳಗೇ ಉಳಿಯಿತು. ಇನ್ನೊಂದು ಹಾಕಿದೆ, ಅದೂ ಅಷ್ಟೇ. ಎಲ್ಲಾ ಬಾಮೈದ ತಂದುಕೊಟ್ಟ ಮಾಲು. "ಇದಕ್ಕಿಂತ ಒಳ್ಳೇದು ಎಲ್ಲೂ ಸಿಗ್ತಿಲ್ಲ ಭಾವ" ಅಂತ ತಿಂಗಳುಗಟ್ಟಲೆ ನನ್ನ ಕೊರಳಿಗೆ ಕಟ್ಟಿದ್ದು.

ಅವನ ಕಾರೂ ಬ್ರೇಕ್ ಕೆಲಸಕ್ಕೆ ಬಂದಿತ್ತಲ್ಲ. ನಾಲ್ಕೂ ಚಕ್ರಕ್ಕೆ ಅವನ ಮಾಲನ್ನೇ ಹಾಕಿ, ಸಂಜೆ ಅವನು ಬಂದಾಗ ಕೀ ಕೈಗಿಟ್ಟೆ.

"ಹಳೇ ಬೋಲ್ಟು ಗುಜರಿಗೆ ಹಾಕಿದೆ. ನಿನ್ನದೇ ಹೊಸವು ಹಾಕಿದ್ದೀನಿ. ಹೆಂಡ್ತಿ ಮಕ್ಕಳನ್ನ ಕೂರಿಸ್ಕೊಂಡು ಹಾಯಾಗಿ ಗುಡ್ಡ ಇಳಿಯಪ್ಪ."

ಮುಖ ಸುಣ್ಣ ಬಳಿದ ಹಾಗಾಯಿತು. ಕೀಯನ್ನು ಮೇಜಿನ ಮೇಲಿಟ್ಟು, ಆಚೆ ಹೋಗಿ ಯಾರಿಗೋ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಬೇರೆ ಬೋಲ್ಟುಗಳ ಒಂದು ಡಬ್ಬಿ ಬಂತು. ಒಂದನ್ನು ಮೇಜಿನ ಇಕ್ಕಳದಂಥ ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಬಡಿದೆ. ಜಪ್ಪಯ್ಯ ಅಂದರೂ ಮುರಿಯಲಿಲ್ಲ. ಒಳ್ಳೆಯದು ಎಲ್ಲಿ ಸಿಗುತ್ತೆ ಅಂತ ಆ ಬಡ್ಡಿಮಗನಿಗೆ ಮೊದಲಿಂದಲೂ ಗೊತ್ತಿತ್ತು.

ಡಬ್ಬಿ ತಗೊಂಡು ಹೋಗಿ ಅಷ್ಟನ್ನೂ ವ್ಯಾನಿಗೆ ಹಾಕಿದೆ.

"ಭಾವ, ನನ್ನ ಕಾರಿಗೆ?"

"ಎಲ್ಲೂ ಸಿಗ್ತಿಲ್ಲ ಕಣೋ."

ನಡೆದುಕೊಂಡೇ ಹೋದ. ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ, ಕಣ್ಣು ತಂಪಾಯಿತು.

ಅವನ ಅಕ್ಕನ ಹತ್ತಿರ, ಅಂದರೆ ನನ್ನ ಹೆಂಡತಿ ಹತ್ತಿರ, ಅತ್ತನಂತೆ. ಇವಳು ಊಟ ಬಡಿಸದೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಮಲಗಲಿ.

ಅವನ ಹಳೇ ಬೋಲ್ಟು ಯಾವ ಗುಜರಿಗೂ ಹೋಗಿಲ್ಲ. ಇಲ್ಲೇ, ಈ ದೀಪದ ಪಕ್ಕದಲ್ಲಿವೆ, ಒಂದಕ್ಕೂ ಏನೂ ಆಗಿಲ್ಲ. ನಾಳೆ ಕೊಟ್ಟುಬಿಡಬಹುದು. ಅಥವಾ ಈ ವಾರವೆಲ್ಲ ಅವನು ನಡ್ಕೊಂಡೇ ಓಡಾಡ್ಲಿ, ಆಮೇಲೆ ಕೊಟ್ಟರಾಯಿತು.