ಮೆಚ್ಚುಗೆಯ ಪುಟದಿಂದ ನನ್ನ ಮುಖ ತೆಗೆಯಿರಿ

ಮುಕ್ತ ತಂತ್ರಾಂಶದ ಜಾಲತಾಣ ನಡೆಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಜಾಲತಾಣದ ‘ಜನರ ಮೆಚ್ಚುಗೆ’ ಪುಟದಲ್ಲಿ ಶಾಲು ಹೊದ್ದು ಹಲ್ಲು ಕಿರಿಯುತ್ತಿರುವ ಮುಖ ನನ್ನದು. ಮೊದಲು ಅದನ್ನು ತೆಗೆಯಿರಿ. ಅದರ ಕೆಳಗಿರುವ ನನ್ನ ಮಾತು ಸುಳ್ಳು. ಆಡಬೇಕಿದ್ದ ಮಾತು ನನ್ನ ತಂಗಿಯ ಮಗಳು ಯಶೋದಳದು. ಅದನ್ನು ನಾನು ನುಂಗಿಬಿಟ್ಟೆ.

ಯಶೋದಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಲ್ಯಾಪ್‌ಟಾಪಿನಲ್ಲಿರುವುದನ್ನು ಕನ್ನಡದಲ್ಲಿ ಓದಿ ಹೇಳುವ ತಂತ್ರಾಂಶವೊಂದರಿಂದ ಬಿ.ಎ. ಓದುತ್ತಿದ್ದಾಳೆ. ಅದರ ಹೊಸ ಆವೃತ್ತಿ ನಿಮ್ಮಲ್ಲಿ ಪುಕ್ಕಟೆ ಸಿಗುತ್ತದೆಂದು ಹೋದರೆ, ಇಳಿಸಿಕೊಳ್ಳಲು ಒತ್ತುವ ಗುಂಡಿಗಳೆಲ್ಲ ಹೆಸರಿಲ್ಲದ ಚಿತ್ರಗಳು. ಯಂತ್ರ ‘ಚಿತ್ರ, ಚಿತ್ರ, ಚಿತ್ರ’ ಎನ್ನುತ್ತದೆ, ಅಷ್ಟೇ. ನಾನೇ ಒತ್ತಿಕೊಡುತ್ತೇನೆಂದೆ. “ಇವತ್ತು ನೀನು ಒತ್ತೀಯ. ನಾಳೆ ಯಾರ್ನ ಕೂಗ್ಲಿ ಮಾವ?” ಎಂದಳು. ಕಣ್ಣಿಲ್ಲದವರಿಗೆ ಕೋಲು ಕೊಡುತ್ತೇವೆಂದು ಸಾರಿ, ಕೋಲನ್ನು ಅಟ್ಟದ ಮೇಲಿಡುವ ಜಾಣತನ ನಿಮ್ಮ ಕಚೇರಿಯದೋ, ಮೇಲಿನಿಂದ ಬಂದ ಆದೇಶವೋ?

ನೀವು ಜನಾಭಿಪ್ರಾಯ ಕೇಳಲು ಪಾವಗಡಕ್ಕೆ ಬರುತ್ತೀರೆಂದಾಗ ಅವಳು, “ನಂಗ್ಯಾರು ಮೈಕ್ ಕೊಡ್ತಾರೆ? ನೀನೇ ಕೇಳ್ಬುಡು ಮಾವ” ಎಂದಳು. “ಸಾಯೇಬ್ರಿಗೆ ಬೆವರು ಇಳಿಸ್ಬುಡ್ತೀನಿ ಕಣಮ್ಮ! ಪಾವಗಡ್ದಿಂದ ಶಿರಾಗಂಟ ನನ್ನೆದುರು ಮಾತಾಡೋನು ಯಾವನವ್ನೆ?” ಎಂದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಭಾಷಣದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದು ಜಂಭವಲ್ಲ, ನಾಲ್ಕು ತಾಲ್ಲೂಕೂ ಬಲ್ಲ ಸಂಗತಿ.

ಆದರೆ ನೀವು ನನಗಿಂತ ಪಳಗಿದವರು. ಅಭಿಪ್ರಾಯ ಕೇಳುವ ಮೊದಲೇ ‘ಊರಿನ ಹಿರಿಯರು’ ಎಂದು ಕರೆದು ಶಾಲು ಹೊದಿಸಿದಿರಿ. ಹೊದಿಸಿದವರ ಮುಂದೆ ಕೊಂಕು ನುಡಿಯುವುದು ನಮ್ಮ ಸೀಮೆಯಲ್ಲಿ ಉಂಡ ಮನೆಯ ಜಂತೆ ಎಣಿಸಿದಂತೆ. ಮೈಕು ಹಿಡಿದವನೇ, “ಇಂಥ ಜಾಲತಾಣ ದೇಶದಲ್ಲೇ ಇಲ್ಲ” ಎಂದುಬಿಟ್ಟೆ. ಚಪ್ಪಾಳೆ ಬಿತ್ತು, ನೀವು ಸಭೆ ಮುಗಿಸಿದಿರಿ. ಯಶೋದ ಕೊನೆಯ ಸಾಲಿನಲ್ಲಿ ಕುಳಿತೇ ಇದ್ದಳು.

ಹೊರಗೆ ತಂಗಿ ಪುಟ್ಟಕ್ಕ, “ಶಾಲ್ನ ಬಾಯಿಗೂ ಹೊದಿಸ್ಬುಟ್ರೇನಣ್ಣ?” ಎಂದಳು. ಯಶೋದ ಬೈಯಲಿಲ್ಲ. ಶಾಲಿನ ಅಂಚನ್ನು ಬೆರಳಲ್ಲಿ ಸವರಿ, “ಯಾವ ಬಣ್ಣ ಮಾವ?” ಎಂದಳು. ಯಾರೆದುರೂ ತಡವರಿಸದ ನಾನು ಶಾಲು ಸುತ್ತಿ ಕಂಕುಳಲ್ಲಿ ಬಚ್ಚಿಟ್ಟುಕೊಂಡೆ.

ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶವೆಂದು ಊರೂರಿಗೆ ಸಾರುವ ನಿಮಗೆ, ನಿಮ್ಮ ತಪ್ಪನ್ನೇ ತಿದ್ದಲು ಬಂದವಳ ಮಾತು ಕೇಳಲು ಪುರುಸೊತ್ತಿರಲಿಲ್ಲವೇ? ‘ಅಭಿಪ್ರಾಯ ಸಂಗ್ರಹ ಮುಗಿದಿದೆ’ ಎಂದು ಈಗ ಬಾಗಿಲು ಹಾಕಿದ್ದೀರಿ. ತೆರೆಯಿರಿ. ನೀವೇ ನಮ್ಮ ಹಟ್ಟಿಗೆ ಬಂದು ಅವಳ ಪಕ್ಕ ಕುಳಿತು, ಪರದೆ ಆರಿಸಿ, ಕಿವಿಯೊಂದನ್ನೇ ನಂಬಿ ಆ ತಂತ್ರಾಂಶ ಇಳಿಸಿಕೊಳ್ಳಿ. ಆಗದಿದ್ದರೆ ಏಕೆ ಆಗಲಿಲ್ಲವೆಂದು ಅವಳನ್ನೇ ಕೇಳಿ, ಅವಳು ಹೇಳಿದಂತೆ ಸರಿಪಡಿಸಿ. ನಾನು ಅಂಗಳದಲ್ಲಿ ಸುಮ್ಮನೆ ನಿಂತಿರುತ್ತೇನೆ.

ಇಂತಿ,
ತಂಗಿಯ ಮನೆಯ ಹೊಸ್ತಿಲು ತುಳಿಯಲು ಹಿಂಜರಿಯುತ್ತಿರುವ
ಅಂಜಿನಮೂರ್ತಿ
ಯಶೋದಳ ಸೋದರಮಾವ