ಎಡಗಡೆಯ ಕಂಬ

ಶಿಕಾರಿಪುರ
೧೨–೩–೧೯೫೮

ಪ್ರೀತಿಯ ಹಾಲಕ್ಕನಿಗೆ ನಿನ್ನ ತಂಗಿ ನೀಲಾಂಬಿಕ ಮಾಡುವ ಶರಣು.

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರುತ್ತದೆ. ಭಾವನವರ ಕೈಲಿ ಓದಿಸಬೇಡ, ನೀನೇ ಕೂಡಿಸಿಕೊಂಡು ಓದು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ನೀನು ಹೇಳಿದ ಕೆಲಸ ಮುಗಿದ ಮೇಲೆ ಬರೆಯೋಣವೆಂದು ಕಾದೆ, ಬೇಜಾರು ಮಾಡಿಕೊಳ್ಳಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎಮ್ಮೆ ಕರು ಹಾಕಿದೆ.

ಮಠದ ರುದ್ರಭೂಮಿಯ ಹಳೆಯ ಗೋಡೆ ಕುಸಿದಿತ್ತಲ್ಲ, ಈಗ ಕಟ್ಟಿಸುತ್ತಿದ್ದಾರೆ. ಕಲ್ಲು ತರುವ ಲಾರಿ ಬಾಗಿಲಲ್ಲಿ ಹಿಡಿಸಲಿಲ್ಲ. ಎಡಗಡೆಯ ಕಂಬ ಬಿಚ್ಚಿ ಆಚೆ ಸರಿಸಬೇಕೆಂದು ಮಠದ ಯಜಮಾನರು ಮಲ್ಲೇಶಪ್ಪನವರು ಹೇಳಿದರಂತೆ. ನಿನ್ನ ಕೂಸನ್ನು ಮಣ್ಣು ಮಾಡಿದ್ದು ಅದರ ಬುಡದಲ್ಲಲ್ಲವೆ? ಬಂದಾಗಲೆಲ್ಲ ನೀನು ಹೂವಿಡುವುದು ಆ ಕಂಬದ ಮೇಲಿನ ಕೊಕ್ಕು ಮುರಿದ ಕಲ್ಲಿನ ಗಿಳಿಯ ಕೆಳಗೇ. ಆ ಕಂಬವೊಂದು ಉಳಿದರೆ ಸಾಕೆಂದು ನೀನು ಬರೆದಿದ್ದೆ.

ಸೆರಗು ಹೊದ್ದು ಹೋಗಿ ಗಂಡಸರ ಮುಂದೆ ನಿಂತೆ. ಎಡಗಡೆಯ ಕಂಬ ಮುಟ್ಟಬೇಡಿ ಎಂದು ಹೇಳಿದೆ. ಮಠದ ಗೋಡೆಗೂ ಹೆಣ್ಣುಮಕ್ಕಳನ್ನೇ ಕೇಳಬೇಕೇನೋ ಎಂದು ಮಲ್ಲೇಶಪ್ಪನವರು ನಕ್ಕರು. ಗೋಡೆ ಕಟ್ಟುವ ಚಿಕ್ಕಬೀರಪ್ಪ ಮಾತ್ರ ನಗಲಿಲ್ಲ.

"ಬಲಗಡೇದು ಸರಿಸಿದ್ರೂ ಲಾರಿ ಹೋಗ್ತದ್ರೀ ಯಜಮಾನ್ರೇ. ಈ ತಾಯಿ ಬಾಯಿ ಬಿಟ್ಟಿದ್ದೇ ಇವತ್ತು, ನಡೆಸಿಕೊಡ್ರೀ" ಎಂದ.

ಹಾಗೇ ಆಯಿತು. ನಿನ್ನ ಗಿಳಿ ಇದ್ದಲ್ಲೇ ಇದೆ. ಬಲಗಡೆಯ ಕಂಬ ಮಾರುದೂರ ಹೋಗಿದೆ. ಭಾವನವರಿಗೆ ನಮಸ್ಕಾರ. ನಿನಗೆ ಶಿವನು ಒಳ್ಳೆಯದು ಮಾಡಲಿ.

ನಿನ್ನ ತಂಗಿ
ನೀಲಾಂಬಿಕ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಅಪ್ಪನ ಮುಂದೆ ಇದನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೂತರು.

"ನಾನು ಅವತ್ತು ಎಡಗಡೆ ಅಂದಿದ್ದು ಹೊರಗೆ ಬರೋವಾಗ ಎಡಗಡೆ ಕಣವ್ವ. ಒಳಗೆ ಹೋಗೋವಾಗ ಕೂಸಿನ ಮುಖ ಬಿಟ್ಟು ನಾನೇನೂ ನೋಡಿರ್ಲಿಲ್ಲ."

ನೀನು ಬಾಣಂತಿ, ನಾನು ಚಿಕ್ಕವಳು. ನಾವಿಬ್ಬರೂ ಅಂದು ಹೋಗಿರಲಿಲ್ಲ. ಅಪ್ಪ ಬಂದು ಹೇಳಿದ ಮಾತನ್ನೇ ಹಿಡಿದುಕೊಂಡೆವು. ಕೂಸು ಮಲಗಿರುವುದು ಆಚೆ ಸರಿಸಿದ ಬಲಗಡೆಯ ಕಂಬದ ಜಾಗದಲ್ಲಿ. ನಾನು ಸುಮ್ಮನಿದ್ದಿದ್ದರೆ ಎಡಗಡೆಯದನ್ನೇ ಸರಿಸುತ್ತಿದ್ದರು, ಕೂಸಿನ ತಲೆಯ ಮೇಲಿನ ಕಂಬ ನಿಂತಿರುತ್ತಿತ್ತು. ಈಗ ಅಲ್ಲಿ ಲಾರಿ ಓಡಾಡುತ್ತದೆ. ಹೇಳದೆ ಇರೋಣವೆಂದುಕೊಂಡೆ. ಆದರೆ ನೀನು ಬಂದು ಮತ್ತೆ ಗಿಳಿಯ ಕೆಳಗೇ ಹೂವಿಟ್ಟರೆ ನಾನು ಪಕ್ಕದಲ್ಲಿ ಹೇಗೆ ನಿಲ್ಲಲಿ?

ಇವತ್ತು ಬೆಳಿಗ್ಗೆ ಲಾರಿ ಬರುವ ಮೊದಲೇ ಅಲ್ಲಿಗೆ ಹೋದೆ. ಗಾಲಿ ಬಿದ್ದ ಗುಂಡಿಗೆ ಮಣ್ಣು ತುಂಬಿ, ಅಂಗೈಯಿಂದ ಮೆಲ್ಲಗೆ ತಟ್ಟಿ ಬಂದೆ.